ಸೋಫಾ ಬಿಡದ ಅಳಿಯ

ಸೂಪಿಗೆ ಉಪ್ಪು ಹಾಕುವುದನ್ನು ಅಜ್ಜಿ ಮರೆತಿದ್ದಳು. ಮೊದಲ ಚಮಚಕ್ಕೇ ಮೊಮ್ಮಗಳು ಮುಖ ಕಿವುಚಿ, "ಅಜ್ಜೀ, ಇದು ಸೂಪಾ, ಪಾತ್ರೆ ತೊಳೆದ ನೀರಾ?" ಅಂದಳು. ಮಗಳು ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು, ತನ್ನ ಬಟ್ಟಲಿಗೂ ಹುಡುಗಿಯ ಬಟ್ಟಲಿಗೂ ಉದುರಿಸಿ, ಡಬ್ಬಿಯನ್ನು ಮೇಜಿನ ಆ ತುದಿಯಲ್ಲೇ ಇಟ್ಟಳು. ಈ ತುದಿಯಲ್ಲಿ ಕೂತಿದ್ದ ಅಳಿಯ ಅದನ್ನು ಕೇಳಲಿಲ್ಲ. ಬಟ್ಟಲು ಖಾಲಿ ಮಾಡಿ, ಬ್ರೆಡ್ಡಿನ ಚೂರಿನಿಂದ ತಳ ಒರೆಸಿ ತಿಂದು, "ಚೆನ್ನಾಗಿತ್ತು ಅತ್ತೆ" ಎಂದು ಎದ್ದ.

ಅಜ್ಜಿಗೆ ಮೈ ಉರಿಯಿತು. ಪಾತ್ರೆ ತೊಳೆದ ನೀರು ಅಂದವಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಉಪ್ಪಿಲ್ಲದ್ದನ್ನು ಚೆನ್ನಾಗಿತ್ತು ಅಂದವನನ್ನು ನಂಬುವುದು ಹೇಗೆ?

ಅಳಿಯ ಫುಟ್‌ಬಾಲ್ ಆಟದಿಂದ ನಿವೃತ್ತನಾಗಿ ಮನೆಗೆ ಬಂದು ಅದು ಎರಡನೇ ವಾರ. ಮದುವೆಗೆ ಮುಂಚೆಯೇ ಅವನು ದೊಡ್ಡ ಕ್ಲಬ್ಬಿನ ಆಟಗಾರ. ಗೋಲು ಹೊಡೆಯುವವನಲ್ಲ, ಹೊಡೆಯಗೊಡದವನು, ಡಿಫೆಂಡರ್. ಪ್ರೇಕ್ಷಕರು ಅವನಿಗೆ 'ಚಿಲಕ' ಎಂದು ಹೆಸರಿಟ್ಟಿದ್ದರು. ಅವನು ಅಡ್ಡ ನಿಂತರೆ ಬಾಗಿಲು ತೆರೆಯದು ಎಂದು ಅರ್ಥ. ಅವನ ಮೂಗು ಒಂದು ಸಲ ಬಲಕ್ಕೆ ಮುರಿದಿತ್ತು, ಇನ್ನೊಂದು ಸಲ ಎಡಕ್ಕೆ. ಹಾಗಾಗಿ ಈಗ ನೆಟ್ಟಗಾಗಿದೆ ಎಂದು ಅಜ್ಜಿ ಬೀದಿಯವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅಷ್ಟು ವರ್ಷದ ಆಟದಲ್ಲಿ ಅವನ ಹೆಸರಿಗೆ ಇದ್ದದ್ದು ಒಂದೇ ಗೋಲು. ಅದೂ ಯಾರೋ ಒದ್ದ ಚೆಂಡು ಇವನ ಬೆನ್ನಿಗೆ ಬಡಿದು ತಾನಾಗಿ ಒಳಗೆ ಹೋದದ್ದು.

ಕ್ಲಬ್ಬು ಇದ್ದದ್ದು ದೂರದ ಬಂದರಿನ ಊರಿನಲ್ಲಿ. ಆಟದ ಕಾಲ ಮುಗಿದಾಗ ಬಂದು ಕೆಲವು ದಿನ ಇದ್ದು ಹೋಗುತ್ತಿದ್ದ. ಕಳೆದ ಎರಡು ವರ್ಷವಂತೂ ಏನೇನೋ ನೆಪ ಹೇಳಿ ಅದನ್ನೂ ತಪ್ಪಿಸಿದ್ದ. ಮನೆಯನ್ನು ನಡೆಸಿದ್ದು ಹೆಂಗಸರು. ಮಗಳಿಗೆ ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಪಾಳಿ ಹಂಚುವ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಹೊರಟರೆ ಮಧ್ಯಾಹ್ನದ ನಂತರ ಬರುವಳು. ಅಜ್ಜಿಗೆ ಹೊಲಿಗೆ. ಗಂಡ ಸತ್ತ ವರ್ಷ ಅವಳು ಮಗಳ ಮನೆಗೆ ಬಂದಾಗ ತಂದದ್ದು ಒಂದು ಪೆಟ್ಟಿಗೆ, ಒಂದು ಕಾಲು ತುಳಿಯುವ ಮೆಷಿನ್ನು. ಕೆಳಗಿನ ಕೋಣೆ ಅವಳದಾಯಿತು. ಅದಕ್ಕೆ ಬೀದಿಗೆ ತೆರೆಯುವ ಇನ್ನೊಂದು ಬಾಗಿಲಿತ್ತು. ಗಿರಾಕಿಗಳು ಮನೆಯೊಳಗೆ ಕಾಲಿಡದೆ ಬಂದು ಹೋಗಬಹುದಿತ್ತು. ಮಗಳ ಮನೆಯಲ್ಲಿ ಕೂತು ತಿನ್ನುವವಳು ಎನ್ನಿಸಿಕೊಳ್ಳದೆ ಅವಳು ತಲೆಯೆತ್ತಿ ಬದುಕಿದ್ದು ಆ ಬಾಗಿಲಿನಿಂದ.

ಮಹಡಿಯ ಮೇಲೆ ಎರಡು ಕೋಣೆ. ಒಂದು ಗಂಡಹೆಂಡತಿಯದು, ಒಂದು ಹುಡುಗಿಯದು. ಮಧ್ಯೆ ಒಂದು ತಿರುವು ತೆಗೆದುಕೊಂಡು ಕಡಿದಾಗಿ ಏರುವ ಮೆಟ್ಟಿಲು. ಬಂದ ಮೊದಲ ರಾತ್ರಿ ಅಳಿಯ, "ಸ್ವಲ್ಪ ಹೊತ್ತು ಟೀವಿ ನೋಡಿ ಬರ್ತೀನಿ" ಎಂದು ಹಾಲಿನ ಸೋಫಾದ ಮೇಲೆ ಕೂತವನು ಅಲ್ಲೇ ಮಲಗಿದ. ಮರುದಿನವೂ ಅಷ್ಟೆ. ಈಗ ಸೋಫಾವೇ ಅವನ ಮಂಚ, ಸೋಫಾದ ಕೆಳಗೆ ತುರುಕಿದ ಬ್ಯಾಗೇ ಅವನ ಕಪಾಟು, ಅಡುಗೆಮನೆಯ ಹಿಂದಿನ ಪುಟ್ಟ ಬಚ್ಚಲೇ ಸ್ನಾನಕ್ಕೆ. ಮೇಲಕ್ಕೆ ಒಂದು ದಿನವೂ ಹೋಗಲಿಲ್ಲ.

"ಇವತ್ತೂ ಸೋಫಾನಾ?" ಅಜ್ಜಿ ಆಲೂಗಡ್ಡೆ ಸುಲಿಯುತ್ತ ಮಗಳನ್ನು ಕೇಳಿದಳು.

"ಟೀವಿ ನೋಡ್ತಾ ನಿದ್ದೆ ಬಂತಂತೆ."

"ಟೀವಿ ಆಫ್ ಆಗಿತ್ತಲ್ಲೇ."

"ಅಮ್ಮ, ನನ್ನನ್ನ ಯಾಕೆ ಕೇಳ್ತೀಯ? ಹೋಗಿ ಅವರನ್ನೇ ಕೇಳು." ಮಗಳು ಈರುಳ್ಳಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಹೆಚ್ಚಿದಳು. "ಬ್ಯಾಗು ಇನ್ನೂ ಬಿಚ್ಚಿಲ್ಲ. ಮನೇಲಿ ಇರೋರು ಬಟ್ಟೇನ ಕಪಾಟಲ್ಲಿ ಇಡ್ತಾರೆ, ಹೊರಡೋರು ಬ್ಯಾಗಲ್ಲಿ ಇಡ್ತಾರೆ. ಇಷ್ಟು ವರ್ಷ ದೂರ ಇದ್ದು ದೂರ ಇರೋದೇ ರೂಢಿ ಆಗಿದೆ. ನಾನು ಬೇಡ ಅವರಿಗೆ. ಬಾಯಿಬಿಟ್ಟು ಹೇಳೋಕೆ ಧೈರ್ಯ ಇಲ್ಲ, ಅಷ್ಟೇ."

"ನೀನು ಬೇಡ ಅಂತಲ್ಲ. ಅವನಿಗೆ ನನ್ನ ಕೋಣೆ ಬೇಕು." ಅಜ್ಜಿ ಎದುರಿಗೆ ಅಳಿಯನನ್ನು 'ನೀವು' ಎನ್ನುತ್ತಿದ್ದಳು, ಬೆನ್ನ ಹಿಂದೆ ಆ ಮರ್ಯಾದೆ ಇರುತ್ತಿರಲಿಲ್ಲ. "ಹಾಲಲ್ಲಿ ಬಿದ್ಕೊಂಡು ತೋರಿಸ್ತಿದ್ದಾನೆ, ನೋಡಿ ನನಗೆ ಜಾಗ ಇಲ್ಲ ಅಂತ. ಯಾರಾದ್ರೂ ಅಯ್ಯೋ ಪಾಪ ಅನ್ನಲಿ, ಮುದುಕಿ ತಾನಾಗಿ ಏಳಲಿ ಅಂತ."

"ನಿನ್ನ ಕೋಣೆ ಯಾಕೆ ಬೇಕು ಅವರಿಗೆ?"

"ನನಗೇನು ಗೊತ್ತು? ಅಡ್ಡ ನಿಲ್ಲೋದೇ ಅವನ ಕಸುಬಲ್ವಾ."

ಅವತ್ತಿನಿಂದ ಅಜ್ಜಿ ಕೋಣೆಯ ಒಳಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಬುಟ್ಟಿ ಇಡತೊಡಗಿದಳು. ಬೆಳಿಗ್ಗೆ ಕಾಫಿ ಕೊಡುವಾಗ, "ಸೋಫಾ ಆರಾಮಾಗಿದೆಯಾ ಅಳಿಯಂದಿರೇ?" ಎಂದು ಕೇಳುವಳು. "ಆರಾಮಾಗಿದೆ ಅತ್ತೆ" ಎನ್ನುವನು. ಅವನ ಪಾದ ಸೋಫಾದ ಆಚೆ ಒಂದು ಮೊಳ ಚಾಚಿರುತ್ತಿತ್ತು. ಹಾಗಂತ ಅವನು ಕೂತು ತಿನ್ನುತ್ತಿರಲಿಲ್ಲ. ಪಾತ್ರೆ ತೊಳೆಯುವನು, ಹಿಟ್ಟಿನ ಚೀಲ ಹೊತ್ತು ತರುವನು, ನಿಧಾನವಾಗಿ ಅಂಗಡಿಗೆ ನಡೆದು ಹೋಗಿ ಬರುವನು. ಬಾಯಿಬಿಟ್ಟು ಏನನ್ನೂ ಕೇಳದೆ, ಇನ್ನೊಬ್ಬರು ಕೇಳುವ ಮೊದಲೇ ಮಾಡಿ ಮುಗಿಸುವ ಮನುಷ್ಯ. ಅಂಥವನ ಜೊತೆ ಜಗಳವನ್ನಾದರೂ ಹೇಗೆ ಆಡುವುದೆಂದು ಅಜ್ಜಿಗೆ ಹೊಳೆಯುತ್ತಿರಲಿಲ್ಲ.

ಜಗಳ ಆಡಿದ್ದು ಹುಡುಗಿ. ಶಾಲೆಯಿಂದ ಗೆಳತಿಯರನ್ನು ಕರೆದುಕೊಂಡು ಬಂದವಳು ಹಾಲಿನಲ್ಲಿ ಅಪ್ಪ ಕಾಲು ಚಾಚಿ ಮಲಗಿದ್ದು ಕಂಡು ಅವರನ್ನು ಹಾಗೇ ವಾಪಸು ಕಳಿಸಿದಳು. ಆಮೇಲೆ ಅಡುಗೆಮನೆಗೆ ಬಂದು ಬಾಗಿಲ ಬಳಿಯೇ ಚೀಲ ಎಸೆದಳು.

"ಈ ಮನೇಲಿ ಕೂರೋಕೂ ಜಾಗ ಇಲ್ಲ. ಮೇಲೆ ಅಷ್ಟು ದೊಡ್ಡ ಕೋಣೆ ಇದೆ, ಅಪ್ಪ ಯಾಕೆ ಹಾಲಲ್ಲಿ ಮಲಗ್ಬೇಕು? ಮತ್ತೆ ಯಾವಾಗ ಹೋಗ್ತಾನೆ?"

"ಮೆಲ್ಲಗೆ ಮಾತಾಡೇ," ಅಂದಳು ಅಜ್ಜಿ.

"ಯಾಕೆ ಮೆಲ್ಲಗೆ? ಮುಂಚೆ ಬಂದಾಗ ನಾಲ್ಕು ದಿನ ಇದ್ರೂ ಹೊರಗೆ ಕರ್ಕೊಂಡು ಹೋಗ್ತಿದ್ದ. ಈಗ ಮನೇಲೇ ಇದ್ದಾನೆ, ಒಂದು ಸಲ ನನ್ನ ಕೋಣೆಗೆ ಬಂದು ನೋಡಿಲ್ಲ. ಗೋಡೆಗೆ ಬಣ್ಣ ಹೊಡೆದಿದ್ದೀನಿ, ಬಾ ಅಂತ ಮೂರು ಸಲ ಕರೆದೆ."

ಬಾಗಿಲಲ್ಲಿ ಅಳಿಯ ನಿಂತಿದ್ದ. ಕೈಯಲ್ಲಿ ಅವಳು ಎಸೆದಿದ್ದ ಚೀಲ. ಅದನ್ನು ಮೊಳೆಗೆ ನೇತು ಹಾಕಿ, "ಆಮೇಲೆ ನೋಡ್ತೀನಿ ಪುಟ್ಟಿ" ಎಂದು ಹೊರಟುಹೋದ. ಹುಡುಗಿ ಕಣ್ಣು ಒರೆಸಿಕೊಂಡಳು. ಅಜ್ಜಿ ಅವಳಿಗೆ ಎರಡು ಬಿಸ್ಕತ್ತು ಹೆಚ್ಚು ಕೊಟ್ಟಳು. ಆ ಗಳಿಗೆಯಲ್ಲಿ ಅಷ್ಟೇ ತೋಚಿತು.

ಆ ವಾರವೇ ಊಟದ ಹೊತ್ತಿಗೆ ಅಳಿಯ ಬಾಯಿಬಿಟ್ಟ. ಬಂದರಿನ ಕ್ಲಬ್ಬಿನವರು ಫೋನು ಮಾಡಿದ್ದರು. ಎಳೆಯ ಆಟಗಾರರ ಹಾಸ್ಟೆಲ್ ನೋಡಿಕೊಳ್ಳುವ ಕೆಲಸ. ಅಲ್ಲೇ ಕೆಳಗಿನ ಮಹಡಿಯಲ್ಲಿ ಒಂದು ಕೋಣೆಯನ್ನೂ ಕೊಡುತ್ತಾರೆ.

"ಯಾವಾಗಿಂದ?" ಮಗಳು ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಬೀಳ್ಕೊಡುಗೆ ಆದಮೇಲೆ. ಅವತ್ತು ಅವರೂ ಬರ್ತಾರೆ. ಆಗ ಹೂಂ ಅಥವಾ ಉಹೂಂ ಹೇಳ್ಬೇಕು."

ಈ ಊರಿನ ಕ್ರೀಡಾಂಗಣದಲ್ಲಿ, ಅವನು ಮೊಟ್ಟಮೊದಲು ಆಡಿದ ಮೈದಾನದಲ್ಲಿ, ಅವನಿಗೊಂದು ಬೀಳ್ಕೊಡುಗೆಯ ಸಮಾರಂಭ ನಿಗದಿಯಾಗಿತ್ತು. ಹಳೆಯ ಜೊತೆಗಾರರು, ಹಳೆಯ ಎದುರಾಳಿಗಳು ಎಲ್ಲ ಬರುವವರಿದ್ದರು.

"ನೀವು ಏನು ಹೇಳ್ತೀರ?" ಮಗಳು ಕೇಳಿದಳು.

"ನೀವೆಲ್ಲ ಏನು ಹೇಳ್ತೀರೋ ಹಾಗೆ."

"ನಾವು ಹೇಳೋದಕ್ಕೇನಿದೆ? ಬ್ಯಾಗು ಕಟ್ಟಿಕೊಂಡೇ ಕೂತಿದ್ದೀರಲ್ಲ. ಹೋಗಿ. ನೀವಿಲ್ಲದೆ ಇರೋದು ನಮಗೇನು ಹೊಸದಲ್ಲ."

ಅವನು ತಲೆಯಾಡಿಸಿದ. ಹೋಗಬೇಡಿ ಎಂದು ಅವಳು ಅನ್ನಲಿ ಎಂದು ಅವನಿಗಿತ್ತು; ಹೋಗುವುದಿಲ್ಲ ಎಂದು ಅವನು ಅನ್ನಲಿ ಎಂದು ಅವಳಿಗಿತ್ತು. ಮೇಜಿನ ಈಚೆ ಕೂತ ಅಜ್ಜಿಗೆ ಎರಡೂ ಕಾಣುತ್ತಿದ್ದವು. ಕೋಣೆ ಉಳಿಯಿತಲ್ಲ ಎಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮಗಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಿದ್ದಳು.

"ಸಮಾರಂಭಕ್ಕೆ ಹಾಕೋಕೆ ಏನಿದೆ?" ಅಜ್ಜಿ ಮಾತು ತಿರುಗಿಸಿದಳು. "ಚಡ್ಡಿ ಹಾಕಿಕೊಂಡು ಹೋಗ್ತೀರಾ? ನಾಳೆ ಕೋಣೆಗೆ ಬನ್ನಿ. ಸೂಟು ಹೊಲೀತೀನಿ."

ಮರುದಿನ ಮಗಳೂ ಮೊಮ್ಮಗಳೂ ಹೊರಟ ಮೇಲೆ ಅಳಿಯ ಬುಟ್ಟಿ ದಾಟಿ ಕೋಣೆಗೆ ಬಂದ. ಅಜ್ಜಿ ಟೇಪು ಹಿಡಿದು ಭುಜ, ಎದೆ, ಸೊಂಟ ಅಳೆದಳು. ಬಲ ತೊಡೆ ಅಳೆದಳು. ಎಡ ತೊಡೆ ಅಳೆದಳು. ಟೇಪು ಸಡಿಲವಾಯಿತೇನೋ ಎಂದು ಇನ್ನೊಮ್ಮೆ ಸುತ್ತಿದಳು. ಅದೇ ಅಳತೆ. ಎಡಗಾಲು ಬಲಗಾಲಿಗಿಂತ ಒಂದು ಹಿಡಿಯಷ್ಟು ಸಣ್ಣಗಿತ್ತು. ಗಟ್ಟಿ ಮನುಷ್ಯನ ಮೈಗೆ ಯಾರೋ ಮುದುಕನ ಕಾಲು ತಂದು ಜೋಡಿಸಿದ ಹಾಗಿತ್ತು.

"ಏನಿದು?"

"ಏನಿಲ್ಲ ಅತ್ತೆ. ಆಟದಲ್ಲಿ ಇದೆಲ್ಲ ಇದ್ದದ್ದೇ."

"ಕೂತ್ಕೊಳ್ಳಿ." ಅವಳು ಸ್ಟೂಲು ಎಳೆದಳು. ಅವನು ಎಡಗಾಲನ್ನು ನೆಟ್ಟಗೆ ಮುಂದೆ ಚಾಚಿ, ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಕೂತ. ಅಜ್ಜಿ ಮೊಣಕಾಲಿನ ಮೇಲೆ ಕೈಯಿಟ್ಟಳು. ಅದು ಬಾತು ಬಿಸಿಯಾಗಿತ್ತು. "ಮಡಚಿ ನೋಡೋಣ."

"ಈಗೀಗ ಮಡಚೋಕೆ ಬರಲ್ಲ."

"ಮೆಟ್ಟಿಲು?" ಎಂದಳು ಅಜ್ಜಿ.

ಅವನು ಬೀದಿ ಬಾಗಿಲಿನ ಕಡೆ ನೋಡಿದ. "ಸಮ ನೆಲದಲ್ಲಿ ತೊಂದರೆ ಇಲ್ಲ ಅತ್ತೆ. ಬಂದ ದಿನ, ನೀವ್ಯಾರೂ ಇಲ್ಲದಾಗ ಹತ್ತಿ ನೋಡಿದೆ. ತಿರುವಿನ ತನಕ ಹೋದೆ. ಆಮೇಲೆ ಆಗ್ಲಿಲ್ಲ. ಕೂತ್ಕೊಂಡೇ ಜಾರ್ಕೊಂಡು ಇಳಿದೆ."

"ಹೇಳೋಕೇನಾಗಿತ್ತು ರೋಗ?"

"ಹೇಗೆ ಹೇಳ್ಲಿ?" ಮೊದಲ ಬಾರಿಗೆ ಅವನ ದನಿ ಏರಿತು. "ಹುಡುಗನಾಗಿದ್ದಾಗಿಂದ ಹೇಳಿಕೊಟ್ಟಿದ್ದು ಒಂದೇ ಪಾಠ. ನೋವಾದ್ರೆ ತೋರಿಸ್ಬೇಡ. ಕುಂಟಿದ್ರೆ ಅದೇ ಕಡೆಯಿಂದ ನುಗ್ತಾರೆ. ಎಷ್ಟೋ ವರ್ಷ ಈ ಕಾಲಲ್ಲೇ ಆಡಿದೆ. ಕ್ಲಬ್ಬಿನ ಡಾಕ್ಟರಿಗೂ ತೋರಿಸ್ದೆ, ಬೇರೆ ಊರಿಗೆ ಹೋಗಿ ಸೂಜಿ ಹಾಕಿಸ್ಕೊಂಡು ಬಂದು ಆಡ್ತಿದ್ದೆ. ಯಾರಿಗೂ ಗೊತ್ತಾಗ್ಲಿಲ್ಲ. ಈಗ ಮನೆಗೆ ಬಂದು ಮೂರು ಹೆಣ್ಣುಮಕ್ಕಳ ಮುಂದೆ ಕೂತು, ನನಗೆ ಮೆಟ್ಟಿಲು ಹತ್ತೋಕೆ ಬರಲ್ಲ, ಎತ್ಕೊಂಡು ಹೋಗಿ ಅನ್ಲಾ? ಬೀಳ್ಕೊಡುಗೆ ದಿನ ಮೈದಾನ ಒಂದು ಸುತ್ತು ಬರ್ಬೇಕು. ಪ್ಯಾಂಟಿನ ಎಡಗಾಲಿಗೆ ಒಳಗಿಂದ ಸ್ವಲ್ಪ ಸ್ಪಂಜು ಇಟ್ಟು ಹೊಲೀರಿ. ಎರಡೂ ಕಾಲು ಒಂದೇ ಥರ ಕಾಣ್ಲಿ. ಇದನ್ನ ಅವಳಿಗೆ ಹೇಳ್ಬೇಡಿ. ನಿಮ್ಮಲ್ಲಿ ಇದೊಂದು ಕೇಳ್ಕೋತೀನಿ."

ಈ ಮನೆಯಲ್ಲಿ ಅವನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಸ್ಪಂಜು. ಅಜ್ಜಿ ಆಗಲಿ ಎಂದಳು.

ಆಗಲಿ ಎಂದದ್ದೇನೋ ಸುಲಭವಾಗಿತ್ತು. ಆಮೇಲಿನ ದಿನಗಳು ಅವಳಿಗೆ ಸರಿಬರಲಿಲ್ಲ. ಮಗಳಿಗೆ ಹೇಳಿದರೆ ಅವನು ಯಾಕೆ ಮೇಲೆ ಬರುತ್ತಿಲ್ಲ ಎಂದು ತಿಳಿಯುತ್ತದೆ, ಅವಳ ಎದೆಯ ಭಾರ ಇಳಿಯುತ್ತದೆ. ಇಳಿದ ಮರುಗಳಿಗೆ ಎಲ್ಲರ ಕಣ್ಣೂ ಕೆಳಗಿನ ಕೋಣೆಯ ಮೇಲೆ ಬೀಳುತ್ತದೆ. ಹೇಳದಿದ್ದರೆ ಅವನು ಬಂದರಿಗೆ ಹೋಗುತ್ತಾನೆ, ಕೋಣೆ ಉಳಿಯುತ್ತದೆ. ಕೊಟ್ಟ ಮಾತನ್ನು ಉಳಿಸಿಕೊಂಡೆ ಎನ್ನಲೂ ಬರುತ್ತದೆ. ಇಷ್ಟು ಅನುಕೂಲವಾದ ಮಾತನ್ನು ಯಾರಿಗೂ ಎಂದೂ ಕೊಟ್ಟಿರಲಿಲ್ಲ ಅಜ್ಜಿ. ಅದನ್ನು ನೆನೆದಾಗೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಾಗ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಾಗ ಅನ್ನ ತಳ ಹಿಡಿಯುತ್ತಿತ್ತು.

"ಅಮ್ಮ, ನಿನಗೇನಾಗಿದೆ?" ಮಗಳು ಕೇಳಿದಳು. "ಮೂರು ದಿನದಿಂದ ಕರಟಿದ ಅನ್ನ ತಿಂತಿದ್ದೀವಿ."

"ನನಗೇನಾಗುತ್ತೆ? ವಯಸ್ಸಾಯ್ತು."

"ಅಪ್ಪ ಮಾತ್ರ ಚೆನ್ನಾಗಿದೆ ಅಂತಾನೆ," ಅಂದಳು ಹುಡುಗಿ.

"ಅವರಿಗೆ ಎಲ್ಲ ಚೆನ್ನಾಗೇ ಇರುತ್ತೆ," ಎಂದು ಮಗಳು ತಟ್ಟೆ ಎತ್ತಿಕೊಂಡು ಎದ್ದಳು.

ಬೀಳ್ಕೊಡುಗೆಯ ಹಿಂದಿನ ಮಧ್ಯಾಹ್ನ ಸೂಟು ಸಿದ್ಧವಾಯಿತು. ಕೋಟಿನ ಭುಜಕ್ಕಿಡುವ ಸ್ಪಂಜನ್ನೇ ತೊಡೆಯ ಆಕಾರಕ್ಕೆ ಕತ್ತರಿಸಿ, ಎಡಗಾಲಿನ ಒಳಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿದ್ದಳು. ಜಾಗ ಸರಿಯಾಗಿದೆಯೇ ನೋಡಲು ಹಾಕುವ ಹೊಲಿಗೆ ಅದು. ನೋಡಿದ ಮೇಲೆ ಗಟ್ಟಿ ಹೊಲಿಗೆ ಹಾಕಿ ಇದನ್ನು ಕಿತ್ತು ತೆಗೆಯಬೇಕು. ಅಳಿಯ ಹಾಕಿಕೊಂಡು ನಿಂತ. ಎರಡು ಕಾಲೂ ಒಂದೇ ಥರ ಕಂಡವು. "ಚೆನ್ನಾಗಿದೆ ಅತ್ತೆ" ಎಂದು ಬಿಚ್ಚಿಕೊಟ್ಟು ಹೋದ.

ಅಜ್ಜಿ ಸೂಜಿಗೆ ದಪ್ಪ ದಾರ ಪೋಣಿಸಿದಳು. ಪ್ಯಾಂಟನ್ನು ತೊಡೆಯ ಮೇಲೆ ಹರವಿಕೊಂಡಳು. ಗೋಡೆಯಾಚೆ ಹಾಲಿನಲ್ಲಿ ಸೋಫಾ ಕಿರುಗುಟ್ಟುವುದು ಕೇಳಿಸಿತು. ಅವನು ಆ ಕಾಲನ್ನು ಎರಡು ಕೈಯಿಂದ ಎತ್ತಿ ಮೇಲಿಟ್ಟುಕೊಳ್ಳುತ್ತಿರಬೇಕು. ಅಜ್ಜಿ ಅಷ್ಟು ಹೊತ್ತು ಸೂಜಿ ಹಿಡಿದೇ ಕೂತಿದ್ದಳು. ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗೂ ಇರಲಿಲ್ಲ. ಕೊನೆಗೆ ದಾರವನ್ನು ಎಳೆದು ತೆಗೆದು, ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟು, ಪ್ಯಾಂಟನ್ನು ಕಚ್ಚಾ ಹೊಲಿಗೆಯಲ್ಲೇ ಇಸ್ತ್ರಿ ಮಾಡಿ ನೇತು ಹಾಕಿದಳು.

ಮೈದಾನ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಅಜ್ಜಿ ಇಷ್ಟು ವರ್ಷದಲ್ಲಿ ಒಂದು ಆಟವನ್ನೂ ಪೂರ್ತಿ ನೋಡಿದವಳಲ್ಲ; ಮೊದಲ ಸಾಲಿನಲ್ಲಿ ಮಗಳು, ಮೊಮ್ಮಗಳ ನಡುವೆ ಕೂತು ಕೈಚೀಲವನ್ನು ಬಿಗಿಯಾಗಿ ಹಿಡಿದಿದ್ದಳು. ಭಾಷಣಗಳಾದವು. ಆಮೇಲೆ ಅಳಿಯ ಬಿಳಿ ಗೆರೆಯ ಗುಂಟ ನಡೆಯತೊಡಗಿದ. ಜನ "ಚಿಲಕ! ಚಿಲಕ!" ಎಂದು ಚಪ್ಪಾಳೆ ತಟ್ಟಿದರು. ಅವನು ಬೆನ್ನು ನೆಟ್ಟಗೆ ಮಾಡಿ, ಯಾರಿಗೂ ಏನೂ ಗೊತ್ತಾಗದ ಹಾಗೆ ನಡೆದ. ಮೊದಲ ಮೂಲೆ ದಾಟಿದ. ಇವರು ಕೂತಿದ್ದ ಕಡೆಗೆ ತಿರುಗುವಷ್ಟರಲ್ಲಿ ಸ್ಪಂಜು ಜಾರಿತು.

ಮೊದಲು ಮೊಣಕಾಲಿನ ಹತ್ತಿರ ಒಂದು ಉಬ್ಬು ಕಂಡಿತು. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಉಬ್ಬು ಮೀನಖಂಡಕ್ಕೆ ಇಳಿಯಿತು. "ಚಿಲಕನ ಕಾಲಲ್ಲಿ ದಿಂಬು!" ಎಂದು ಯಾರೋ ಕೂಗಿದರು, ಒಂದಷ್ಟು ಜನ ನಕ್ಕರು. ಅಳಿಯ ನಿಂತುಬಿಟ್ಟ. ಮುಂದಕ್ಕೂ ಹೋಗಲಾರದೆ, ಬಗ್ಗಿ ಸರಿಮಾಡಿಕೊಳ್ಳಲೂ ಆಗದೆ, ಅಷ್ಟು ಜನರ ನಡುವೆ ಸುಮ್ಮನೆ ನಿಂತ. ಅಜ್ಜಿ ಎದ್ದು ನಿಂತಳು. ಹೊರಡುವ ಮುಂಚೆ ಮನೆಯಲ್ಲೇ, ಮಗಳ ಎದುರು ಬಿಚ್ಚಿಕೊಳ್ಳಲಿ ಎಂದು ಅವಳು ಬಿಟ್ಟ ಹೊಲಿಗೆ, ಬಿಚ್ಚಿಕೊಂಡದ್ದು ಊರ ಮುಂದೆ.

ಹುಡುಗಿ ಆಗಲೇ ಕಂಬಿ ದಾಟಿ ಓಡಿದ್ದಳು. ಮಗಳು ಗೇಟಿನಿಂದ ಹೋದಳು, ಅಜ್ಜಿ ಅವಳ ಹಿಂದೆ. ಇವರು ಮುಟ್ಟುವಷ್ಟರಲ್ಲಿ ಇನ್ನೊಂದು ಕಡೆಯಿಂದ ಒಬ್ಬ ದಪ್ಪ ಮನುಷ್ಯ ಏದುಸಿರು ಬಿಡುತ್ತ ಬಂದ. ಒಂದು ಕಾಲದಲ್ಲಿ ಎದುರು ತಂಡದ ಮುಂಚೂಣಿಯ ಆಟಗಾರ. ಓಟಕ್ಕೆ 'ಜಿಂಕೆ' ಎಂದೇ ಹೆಸರು. ಈಗ ಅವನ ಹೊಟ್ಟೆ ಅವನಿಗಿಂತ ಎರಡು ಹೆಜ್ಜೆ ಮುಂದೆ ಬರುತ್ತಿತ್ತು. ಊರಿನ ಮಕ್ಕಳಿಗೆ ಆಟ ಕಲಿಸುತ್ತಿದ್ದ. ಜಿಂಕೆ ಕಷ್ಟಪಟ್ಟು ಬಗ್ಗಿ, ಪ್ಯಾಂಟಿನ ತುದಿಯಿಂದ ಸ್ಪಂಜನ್ನು ಎಳೆದು ತೆಗೆದ.

"ಏನಯ್ಯಾ ಇದು?"

"ಏನಿಲ್ಲ," ಅಂದ ಅಳಿಯ.

"ಆ ಮೊಣಕಾಲಿಗಾ? ಅದನ್ನ ಯಾರಿಂದ ಮುಚ್ಚಿಡ್ತಿದ್ದೀಯ ಈಗ? ನಮಗೆಲ್ಲ ಗೊತ್ತಿದ್ದದ್ದೇ ಅಲ್ವಾ."

ಅಳಿಯ ಥಟ್ಟನೆ ಅವನ ಕಡೆ ತಿರುಗಿದ. "ಏನು ಗೊತ್ತಿತ್ತು?" ಎಂದು ಕೇಳಿದ್ದು ಮಗಳು.

"ಎಡ ಮೊಣಕಾಲು ಹೋಗಿದೆ ಅಂತಮ್ಮ. ವರ್ಷಗಟ್ಟಲೆಯಿಂದ. ಪ್ರತಿ ಆಟಕ್ಕೂ ಮುಂಚೆ ನಮ್ಮ ಕೋಚು ಬೋರ್ಡಿನ ಮೇಲೆ ದೊಡ್ಡದಾಗಿ ಬರೀತಿದ್ರು, ಚಿಲಕನ ಎಡಗಡೆಯಿಂದ ನುಗ್ಗಿ ಅಂತ. ನಮ್ಮದೊಂದೇ ಅಲ್ಲ, ಎಲ್ಲ ಟೀಮಲ್ಲೂ ಅದೇ ಮಾತು. ನಿಮ್ಮ ಕ್ಲಬ್ಬಿನೋರಿಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ಅವರಿಗೂ ಗೊತ್ತಿತ್ತು."

"ನುಗ್ಗಿದ್ರಾ?" ಹುಡುಗಿ ಕೇಳಿದಳು.

"ನುಗ್ಗಿದ್ವಿ, ಎಲ್ಲಿಗೆ ಹೋಗೋದು? ಹೋದಾಗ ನಿಮ್ಮಪ್ಪ ಮೊದಲೇ ಅಲ್ಲಿ ಬಂದು ನಿಂತಿರ್ತಿದ್ದ. ಓಡಿ ಹಿಡಿಯೋಕೆ ಆಗಲ್ಲ ಅಂತ, ಚೆಂಡು ಎಲ್ಲಿಗೆ ಬರುತ್ತೆ ಅಂತ ಮುಂಚೇನೇ ನೋಡಿ ಇಟ್ಕೊಂಡಿರ್ತಿದ್ದ. ನನ್ನ ಎರಡು ಒಳ್ಳೇ ಕಾಲನ್ನ ಇವನ ಒಂದು ಕಾಲು ಅದೆಷ್ಟು ವರ್ಷ ಗೋಳುಹೊಯ್ಕೊಂಡಿದೆ, ನನಗೆ ಗೊತ್ತು."

ಮಗಳು ಗಂಡನ ಕಡೆ ತಿರುಗಿದಳು. ಅಳುವೋ ಸಿಟ್ಟೋ, ಅವಳ ಮುಖದಲ್ಲಿ ಎರಡೂ ಇದ್ದವು. "ಅದಕ್ಕೇನಾ ಸೋಫಾ? ಅದಕ್ಕೇನಾ ಮೇಲೆ ಬರದೆ ಇದ್ದದ್ದು?"

ಅವನು ತಲೆಯಾಡಿಸಿದ.

"ಹಾಗಾದ್ರೆ ಎದುರಾಳಿಗಳಿಗೆಲ್ಲ ಗೊತ್ತಿತ್ತು, ಕ್ಲಬ್ಬಿಗೆ ಗೊತ್ತಿತ್ತು, ನಮಗೆ ಮಾತ್ರ ಗೊತ್ತಿರ್ಲಿಲ್ಲ. ನಾವೇನ್ರೀ ನಿಮಗೆ? ನಾವು ಯಾವ ಕಡೆಯಿಂದ ನುಗ್ತೀವಿ ಅಂತ ಭಯ ನಿಮಗೆ?"

ಅವನು ಕೈ ಚಾಚಿದ. ಹುಡುಗಿ ತಕ್ಷಣ ಅದನ್ನು ತನ್ನ ಭುಜದ ಮೇಲೆ ಎಳೆದುಕೊಂಡಳು. ಉಳಿದರ್ಧ ಸುತ್ತನ್ನು ಅವನು ಹುಡುಗಿಯ ಭುಜ ಹಿಡಿದು, ಎಲ್ಲರೆದುರು ಕುಂಟುತ್ತ ಮುಗಿಸಿದ. ಮೊದಲು ನಕ್ಕವರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಬಂದರಿನ ಕ್ಲಬ್ಬಿನವರು ಗೇಟಿನ ಹತ್ತಿರ ಕೈಕುಲುಕಿ ಹಾಸ್ಟೆಲ್ಲಿನ ಮಾತೆತ್ತಿದಾಗ, "ಮನೇಲಿ ಕೇಳಿ ಹೇಳ್ತೀನಿ" ಅಂದ. ಮನೆಯಲ್ಲಿ ಕೇಳಬೇಕಾದವಳು ಪಕ್ಕದಲ್ಲೇ ಇದ್ದಳು. "ಬರಲ್ಲ ಅಂತ ಹೇಳಿ" ಎಂದು ಅವಳು ಅಲ್ಲೇ ಹೇಳಿದಳು.

ಮನೆಗೆ ಬಂದ ಮೇಲೆ ಅಜ್ಜಿ ಸೀರೆಯನ್ನೂ ಬದಲಿಸದೆ ಊಟದ ಮೇಜಿನ ಹತ್ತಿರ ಕೂತಳು.

"ನನಗೂ ಗೊತ್ತಿತ್ತು," ಅಂದಳು. "ಅಳತೆ ತಗೊಂಡ ದಿನದಿಂದ."

ಮಗಳು ನೀರು ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟಳು. "ಗೊತ್ತಿದ್ದೂ ಹೇಳ್ಲಿಲ್ವಾ? ನಾನು ಅವರಿಗೆ ಬೇಡ ಅಂತ ನಿನ್ನ ಮುಂದೇನೇ ಹೇಳಿದ್ದೆನಲ್ಲಮ್ಮ!"

"ಹೇಳ್ಬೇಡಿ ಅಂತ ನಾನೇ ಕೇಳ್ಕೊಂಡಿದ್ದು," ಅಂದ ಅಳಿಯ.

"ನೀವು ಸುಮ್ಮನಿರಿ. ನೀವು ಕೇಳ್ಕೊಂಡ್ರಿ ಅಂತ ನಾನು ಬಾಯಿ ಮುಚ್ಕೊಂಡಿರ್ಲಿಲ್ಲ. ಹೇಳಿದ್ರೆ ನನ್ನ ಕೋಣೆ ಹೋಗುತ್ತೆ ಅಂತ ಮುಚ್ಕೊಂಡಿದ್ದೆ. ಅಷ್ಟೇ ಸತ್ಯ."

"ನಿನ್ನ ಕೋಣೇನ ಯಾರು ಕೇಳಿದ್ರು?" ಮಗಳ ದನಿ ಏರಿತು.

"ಯಾರೂ ಕೇಳ್ಲಿಲ್ಲ! ಈ ಮನೇಲಿ ಬಾಯಿಬಿಟ್ಟು ಕೇಳೋರು ಯಾರಿದ್ದಾರೆ? ಇವರು ಮೆಟ್ಟಿಲು ಆಗಲ್ಲ ಅನ್ನಲ್ಲ, ನೀನು ಇರಿ ಅನ್ನಲ್ಲ, ನಾನು ಕೋಣೆ ಬೇಕು ಅನ್ನಲ್ಲ. ಇರೋದ್ರಲ್ಲಿ ನೆಟ್ಟಗೆ ಮಾತಾಡೋದು ಅಂದ್ರೆ ಈ ಹುಡುಗಿ ಒಬ್ಬಳೇ, ಅವಳಿಗೆ ಮೆಲ್ಲಗೆ ಮಾತಾಡು ಅಂತ ಬೈದಿದ್ದೂ ನಾನೇ." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ನಾನು ಹೇಳ್ತೀನಿ, ಕೇಳಿ. ಕೋಣೆ ನಿಮಗಿಬ್ಬರಿಗೆ. ನಾನು ಮೇಲಕ್ಕೆ ಹೋಗ್ತೀನಿ. ಇಷ್ಟು ವರ್ಷ ಮೆಷಿನ್ನು ತುಳಿದ ಕಾಲು ನನ್ನದು, ನಿಮ್ಮೆಲ್ಲರಿಗಿಂತ ಗಟ್ಟಿ ಇದೆ. ಮೆಷಿನ್ನು ಮಾತ್ರ ಕೆಳಗೇ ಇರ್ಬೇಕು, ಹಾಲಿನ ಕಿಟಕಿ ಹತ್ತಿರ. ಬೀದೀಲಿ ಹೋಗೋರಿಗೆ ನಾನು ಕಾಣ್ಬೇಕು. ಗಿರಾಕಿಗಳು ಮುಂಬಾಗಿಲಿಂದ ಬರ್ತಾರೆ, ಯಾರೂ ಮುಖ ಗಂಟು ಹಾಕ್ಬಾರದು."

ಯಾರೂ ಹಾಕಲಿಲ್ಲ. ಅಳಿಯ ಒಂದು ಮಾತು ಹೇಳಲು ಹೋಗಿ ನುಂಗಿಕೊಂಡು, ಆಮೇಲೆ ಅದನ್ನು ಹೇಳಿಯೇಬಿಟ್ಟ. "ಥ್ಯಾಂಕ್ಸ್ ಅತ್ತೆ. ಆ ಸೋಫಾದಲ್ಲಿ ಒಂದು ದಿನವೂ ನಿದ್ದೆ ಬಂದಿರ್ಲಿಲ್ಲ."

"ಆರಾಮಾಗಿದೆ ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ."

ಮುಂದಿನ ರಜಾದಿನ ಸಾಮಾನು ಅದಲುಬದಲಾಯಿತು. ಮೆಷಿನ್ನಿಗೆ ಜಾಗ ಬೇಕಾದ್ದರಿಂದ ಸೋಫಾ ಅಜ್ಜಿಯ ಪಾಲಿಗೆ ಬಂದು ಮೇಲಕ್ಕೆ ಹೊರಟಿತು. ಜಿಂಕೆ ಒಂದು ತುದಿ, ಮಗಳು ಮೊಮ್ಮಗಳು ಇನ್ನೊಂದು ತುದಿ. ತಿರುವಿನಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಮೂವರೂ ಮೂರು ಥರ ಎಳೆಯುತ್ತಿದ್ದಾಗ ಕೆಳಗಿನಿಂದ ಒಂದು ದನಿ ಎದ್ದಿತು.

"ಎಡಕ್ಕೆ! ಪುಟ್ಟಿ, ಎಡಕ್ಕೆ ಬಾ! ಜಿಂಕೆ, ನಿಂತ್ಕೋ ಅಲ್ಲೇ, ಬಿಡ್ಬೇಡ! ಕಾಲು ಮೇಲೆತ್ತಿ, ಈಗ ತಿ‍ರುಗ್ಸಿ! ತಿರುಗ್ಸಿ!"

ಕಿಟಕಿ ಅದುರುವಂಥ ದನಿ. ಮನೆಯವರು ಅದನ್ನು ಅದುವರೆಗೆ ಕೇಳಿರಲಿಲ್ಲ. ಮೈದಾನದಲ್ಲಿ ಇವನು ಹೀಗೇ ಕೂಗುತ್ತಿದ್ದನೇ ಎಂದು ಅಜ್ಜಿ ಬೆರಗಾಗಿ ನಿಂತಳು. ಸೋಫಾ ತಿರುಗಿತು, ಮೇಲೆ ಹೋಯಿತು.

"ನೋಡಿದ್ರಾ," ಜಿಂಕೆ ಮೆಟ್ಟಿಲ ಮೇಲೆ ಕುಸಿದು ಕೂತು ಹೇಳಿದ, "ಮೈದಾನಕ್ಕೆ ಬಂದು ನನ್ನ ಹುಡುಗರಿಗೆ ಇದೇ ಥರ ಹೇಳಪ್ಪಾ. ಓಡೋದು ಕಲಿಸೋಕೆ ನಾನಿದ್ದೀನಿ. ನಿಲ್ಲೋದು ಕಲಿಸೋರು ಯಾರೂ ಇಲ್ಲ. ಕುರ್ಚಿ ಹಾಕಿಸ್ತೀನಿ."

ಕುರ್ಚಿ ಹಾಕಿಸಿದ. ಅಳಿಯ ಸಂಜೆ ಹೋಗಿ ಅದರ ಮೇಲೆ ಕೂತು ಕೂಗತೊಡಗಿದ. ಮಗಳು ಡಿಪೋದಲ್ಲಿ ಪಾಳಿ ಬದಲಿಸಿಕೊಂಡು ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಆಮೇಲೆ ಮೆಟ್ಟಿಲು ಹತ್ತಬಹುದು ಎಂದು ಡಾಕ್ಟರು ಹೇಳಿದರು. ಹುಡುಗಿಗೆ ಅಷ್ಟು ದಿನ ಕಾಯುವ ತಾಳ್ಮೆಯಿರಲಿಲ್ಲ. ಒಂದು ಭಾನುವಾರ ಅಪ್ಪನನ್ನು ಮೆಟ್ಟಿಲ ಮೇಲೆ ಹಿಮ್ಮುಖವಾಗಿ ಕೂರಿಸಿ, ಒಂದೊಂದೇ ಮೆಟ್ಟಿಲಿಗೆ ಜರುಗಿಸುತ್ತ, ಅಮ್ಮ ಕಾಲು ಹಿಡಿದು, ಹುಡುಗಿ ಬೆನ್ನು ಹಿಡಿದು, ಅಂತೂ ಮೇಲೆ ಮುಟ್ಟಿಸಿದರು. ಗೋಡೆಗೆ ಹಳದಿ ಬಣ್ಣ ಹೊಡೆದಿತ್ತು. ಅವನು ಬಹಳ ಹೊತ್ತು ನೋಡಿ, "ಈ ಮೂಲೇಲಿ ಸರಿಯಾಗಿ ಹೊಡೆದಿಲ್ಲ" ಅಂದ. ಹುಡುಗಿ ಕುಣಿದಾಡಿಬಿಟ್ಟಳು.

ಅಜ್ಜಿಗೆ ಮಾತ್ರ ಇನ್ನೂ ಒಂದು ಸಂಶಯ ಉಳಿದಿತ್ತು. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಅವಳೇ ಸೂಪು ಮಾಡಿದಳು. ಎಲ್ಲರಿಗೂ ಬಡಿಸಿ, ಉಪ್ಪಿನ ಡಬ್ಬಿಯನ್ನು ಮೇಜಿನ ಆ ತುದಿಯಲ್ಲಿ, ತನ್ನ ಕೈಹತ್ತಿರ ಇಟ್ಟುಕೊಂಡು ಕೂತಳು. ಮೊಮ್ಮಗಳು ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದಳು. ಅವಳು ಬಾಯಿ ತೆರೆಯುವ ಮೊದಲೇ ಅಜ್ಜಿ ಮೇಜಿನ ಕೆಳಗೆ ಅವಳ ಕಾಲನ್ನು ಮೆಲ್ಲಗೆ ತುಳಿದಳು.

ಅಳಿಯ ಒಂದು ಚಮಚ ಕುಡಿದ. ಎರಡನೆಯದನ್ನು ಬಟ್ಟಲಿಗೇ ವಾಪಸು ಬಿಟ್ಟ.

"ಅತ್ತೆ, ಇದಕ್ಕೆ ಉಪ್ಪೇ ಇಲ್ಲ," ಅಂದ. "ಆ ಡಬ್ಬಿ ಈ ಕಡೆ ಕೊಡಿ."

"ಯಾಕೆ, ಅವತ್ತು ಚೆನ್ನಾಗಿತ್ತಲ್ಲ?"

"ಅವತ್ತೂ ಚೆನ್ನಾಗಿರ್ಲಿಲ್ಲ. ಕರಟಿದ ಅನ್ನವೂ ಅಷ್ಟೇ."

ಮಗಳು ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿಗೆ ಇಷ್ಟು ಖುಷಿ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ. ಮುಖ ಮಾತ್ರ ಗಂಟು ಹಾಕಿಕೊಂಡೇ ಡಬ್ಬಿಯನ್ನು ಮೊಮ್ಮಗಳ ಕೈಗೆ ಕೊಟ್ಟಳು. ಮೊಮ್ಮಗಳು ಅಮ್ಮನಿಗೆ ಕೊಟ್ಟಳು, ಅಮ್ಮ ಗಂಡನಿಗೆ ಕೊಟ್ಟಳು. ಅವನು ಉಪ್ಪು ಹಾಕಿಕೊಂಡು, ಕಲಸಿ, ಇನ್ನೊಂದು ಬಟ್ಟಲು ಕೇಳಿದ.